ಸೊಂಟಪಟ್ಟಿಯ ಒಳಮಡಿಕೆ

ಕಾಲರಿನೊಳಗೆ ಒಂದು ಬೆರಳು ಹೋಗಬೇಕು, ಎರಡು ಹೋಗಬಾರದು. ದರ್ಜಿ ತನ್ನ ಹದಿನಾಲ್ಕನೆಯ ವಯಸ್ಸಿನಲ್ಲಿ ಕಲಿತ ಮೊದಲ ಪಾಠ ಅದು. ಈಗ ಆರೋಗ್ಯ ವಿಮೆಯ ಕಚೇರಿಯ ಬೆಂಚಿನ ಮೇಲೆ ಕೂತು, ಯಾರೂ ನೋಡುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡು, ತಾನೇ ಕತ್ತರಿಸಿ ತಾನೇ ಹೊಲಿದು ಇವತ್ತು ಬೆಳಿಗ್ಗೆ ಮೊದಲ ಸಲ ತೊಟ್ಟ ಅಂಗಿಯ ಕಾಲರಿನೊಳಗೆ ಅವನು ಬೆರಳು ತೂರಿಸಿ ನೋಡಿದ. ಮೂರು ಹೋದವು. ನಾಲ್ಕನೆಯದನ್ನು ತೂರಿಸುವ ಧೈರ್ಯ ಬರಲಿಲ್ಲ. ಕೈ ಇಳಿಸಿ ತೊಡೆಯ ಮೇಲಿನ ಫೈಲನ್ನು ನೇರ ಮಾಡಿಕೊಂಡ. ಬಟ್ಟೆಯದೇ ತಪ್ಪಿರಬೇಕು. ನೀರಿಗೆ ಹಾಕಿದರೆ ಕುಗ್ಗುವ ಬಟ್ಟೆಯನ್ನು ಅವನು ಕಂಡಿದ್ದ. ತೂಗುಹಾಕಿದ್ದಲ್ಲೇ ಹಿಗ್ಗುವ ಬಟ್ಟೆಯನ್ನು ಈ ನಲವತ್ತನಾಲ್ಕು ವರ್ಷದಲ್ಲಿ ಕಂಡಿರಲಿಲ್ಲ, ಆದರೆ ಕಾಲ ಕೆಟ್ಟಿದೆ, ಈಗಿನ ಗಿರಣಿಗಳು ಏನು ಬೇಕಾದರೂ ನೇಯುತ್ತವೆ. ಅಥವಾ ಕತ್ತರಿ ಜಾರಿರಬೇಕು. ಹಾಗೆಂದುಕೊಂಡ ಕೂಡಲೇ ಅವಮಾನವಾಯಿತು. ಅಂಗಿ ಕತ್ತರಿಸುವಾಗ ತನ್ನ ಅಳತೆಯನ್ನು ಅವನು ಯಾವತ್ತೂ ತೆಗೆದುಕೊಳ್ಳುತ್ತಿರಲಿಲ್ಲ. ಕುತ್ತಿಗೆ ಹದಿನಾರು, ಎದೆ ನಲವತ್ತೆರಡು, ಸೊಂಟ ಮೂವತ್ತಾರು ಎಂಬುದು ಮದುವೆಯಾದ ಕೆಲವೇ ವರ್ಷಗಳ ನಂತರದಿಂದ ಅವನಿಗೆ ತನ್ನ ಮನೆಯ ನಂಬರಿನಷ್ಟೇ ಗಟ್ಟಿಯಾಗಿ ಗೊತ್ತಿತ್ತು.

ಬೆಳಿಗ್ಗೆ ಹೆಂಡತಿ ಈ ಅಂಗಿಯನ್ನು ನೋಡಿ ಚೆನ್ನಾಗಿದೆ ಎಂದಿದ್ದಳು. ಅದೇ ಈಗ ಮುಳ್ಳಿನ ಹಾಗೆ ಚುಚ್ಚುತ್ತಿತ್ತು. ಮೂವತ್ತೊಂದು ವರ್ಷ ಒಂದೇ ಅಂಗಡಿಯಲ್ಲಿ, ಅವನು ಮೆಷಿನ್ನಿನ ಮುಂದೆ, ಅವಳು ಕಿಟಕಿಯ ಪಕ್ಕ ಕಾಜಾ, ಗುಂಡಿ, ಅಂಚುಹೊಲಿಗೆ ಮಾಡುತ್ತ ಕೂತು ಬದುಕಿದವರು. ಇಷ್ಟು ವರ್ಷದಲ್ಲಿ ಅವಳು ಅವನ ಕೆಲಸವನ್ನು ಹೊಗಳಿದ್ದು ನೆನಪಿಲ್ಲ. ಹೊಲಿಗೆ ಸರಿಯಿದ್ದರೆ ಸುಮ್ಮನಿರುತ್ತಾಳೆ. ಸರಿಯಿಲ್ಲದಿದ್ದರೆ ಹಲ್ಲಿನಲ್ಲಿ ದಾರ ಕಡಿಯುತ್ತ ಹೂಂ ಅನ್ನುತ್ತಾಳೆ, ಆ ಹೂಂ ಕೇಳಿದರೆ ಅವನು ಮರುಮಾತಿಲ್ಲದೆ ಬಿಚ್ಚಿ ಹೊಲಿಯುತ್ತಾನೆ. ಅಂಥವಳು ಇವತ್ತು ಅವನ ಮೇಲಿನ ಗುಂಡಿಯನ್ನು ತಾನೇ ಹಾಕಿ, ಕಾಲರನ್ನು ಎರಡೂ ಕೈಯಿಂದ ಹತ್ತಿರ ತಂದು, ಅಂಗಿ ಚೆನ್ನಾಗಿ ಕೂತಿದೆ ಎಂದಳು. ಆಮೇಲೆ ಫೈಲನ್ನು ಕೈಗಿಟ್ಟು, ಇವತ್ತೇ ಕೊನೆಯ ದಿನ, ಹಸಿರೋ ನೀಲಿಯೋ ನೀವೇ ನೋಡಿ ಹಾಕಿ, ಸಹಿ ನಿಮ್ಮದೇ ಬೇಕಂತೆ ಎಂದು ಕಿಟಕಿಯ ಪಕ್ಕ ಹೋಗಿ ಕೂತಳು. ದರ್ಜಿ ಹೊಸಿಲು ದಾಟುವ ಮುನ್ನ ಎರಡು ಲೋಟ ನೀರು ಕುಡಿದ. ಈಚೆಗೆ ಬಾಯಾರಿಕೆ ಹೆಚ್ಚು. ಸೆಕೆ ಎಂದುಕೊಂಡಿದ್ದ; ಸೆಕೆ ಹೋಗಿ ಎರಡು ತಿಂಗಳಾಗಿತ್ತು. ಮೆಷಿನ್ನಿನ ಪಕ್ಕದಲ್ಲಿದ್ದ ಸಣ್ಣ ಹೂಜಿಯ ಜಾಗದಲ್ಲಿ ಯಾವಾಗಲೋ ಒಂದು ದೊಡ್ಡ ಹೂಜಿ ಬಂದಿತ್ತು, ಅದನ್ನು ತಂದವರು ಯಾರೆಂದು ಅವನು ಕೇಳಿರಲಿಲ್ಲ.

ಕಾರ್ಡಿನ ಲೆಕ್ಕ ಅವನಿಗೆ ಕಷ್ಟದ್ದೇನಲ್ಲ. ಹಸಿರು ಕಾರ್ಡು ತೆಗೆದುಕೊಂಡರೆ, ನಾಳೆ ಆಸ್ಪತ್ರೆಯಲ್ಲಿ ಮಲಗುವ ಹಾಗಾದರೆ ದೊಡ್ಡ ಖರ್ಚನ್ನೆಲ್ಲ ಸರ್ಕಾರವೇ ನೋಡಿಕೊಳ್ಳುತ್ತದೆ. ಮಲಗದಿದ್ದರೆ ಏನೂ ಇಲ್ಲ. ನೀಲಿಯಲ್ಲಿ ಮಲಗಿದಾಗ ಸಿಗುವುದು ಕಡಿಮೆ, ಒಂದು ಪಾಲು ನಾವೇ ಭರಿಸಬೇಕು, ಆದರೆ ವರ್ಷಕ್ಕೊಂದು ಸಲ ಗಂಡಹೆಂಡಿರಿಬ್ಬರಿಗೂ ತಲೆಯಿಂದ ಕಾಲಿನವರೆಗೆ ಪರೀಕ್ಷೆ, ಮಾತ್ರೆ, ವೈದ್ಯರ ಸಲಹೆ ಎಲ್ಲ ಬಿಟ್ಟಿ. ಒಮ್ಮೆ ಗುರುತು ಹಾಕಿದರೆ ಮೂರು ವರ್ಷ ಬದಲಾಯಿಸುವ ಹಾಗಿಲ್ಲ. ಗಂಡಸಾದವನು ಯಾವುದನ್ನು ಆರಿಸಬೇಕು ಎಂಬುದರಲ್ಲಿ ಅವನಿಗೆ ಅನುಮಾನವಿರಲಿಲ್ಲ. ಬಿದ್ದರೆ ಎತ್ತುವವರಿರಬೇಕು, ಅಷ್ಟು ಸಾಕು. ಬೀಳುತ್ತೀಯಾ ಬೀಳುತ್ತೀಯಾ ಎಂದು ವರ್ಷವರ್ಷ ಕೇಳುವವರು ಯಾಕೆ ಬೇಕು? ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡರು ಅನ್ನುವ ಹಾಗೆ, ಚೆನ್ನಾಗಿರುವ ಮೈಯನ್ನು ಕೆದಕಿಸಿಕೊಂಡು ರೋಗ ಹುಡುಕುವವರ ಬಗ್ಗೆ ಅವನಿಗೆ ನಗು ಬರುತ್ತಿತ್ತು. ಹೆಂಡತಿಗೆ ನೀಲಿ ಬೇಕು ಎಂಬುದು ಅವಳು ಹೇಳದೆಯೂ ಗೊತ್ತಿತ್ತು. ಅವಳು ಹೇಳಿರಲಿಲ್ಲ ಅನ್ನುವುದೇ ಅವನಿಗೆ ಸಿಕ್ಕ ನೆಪ.

ಸಾಲಿನಲ್ಲಿ ಇನ್ನೂ ಹನ್ನೊಂದು ಜನ ಇದ್ದರು. ಮೂವತ್ತನಾಲ್ಕು, ನಲವತ್ತು, ಮೂವತ್ತೆಂಟೂವರೆ, ಎಂದು ಅವನ ಕಣ್ಣು ತನ್ನ ಪಾಡಿಗೆ ತಾನು ಅಳೆಯುತ್ತ ಹೋಯಿತು. ಅದಕ್ಕೇ ಗಿರಾಕಿಗಳು ಅವನಿಗೆ ಕಣ್ಣಳತೆ ಎಂದು ಅಡ್ಡಹೆಸರಿಟ್ಟಿದ್ದರು. ಎದುರಿನ ಬ್ರೆಡ್ಡಿನವನಂತೂ ಬೀದಿ ದಾಟಿ ಬರುವಷ್ಟರಲ್ಲಿ ನನ್ನ ಪ್ಯಾಂಟು ಕತ್ತರಿಸಿ ಆಗಿರುತ್ತದೆ ಎಂದು ಎಲ್ಲರಿಗೂ ಹೇಳಿಕೊಂಡು ತಿರುಗುತ್ತಾನೆ. ಕೊನೆಯಲ್ಲಿ ನಿಂತಿದ್ದ ಹೆಂಗಸಿನ ಬೂದು ಕೋಟಿನ ಬೆನ್ನು ನೋಡಿದ್ದೇ ತಡ, ಅವನಿಗೆ ಟಪಾಲಕ್ಕನ ನೆನಪಾಯಿತು. ಆಗಬಾರದಿತ್ತು, ಆಯಿತು. ಈ ಭಾಗದ ಮನೆಮನೆಗೂ ಕಾಗದ ಹಂಚುತ್ತಿದ್ದ ಟಪಾಲಕ್ಕ ವರ್ಷಕ್ಕೊಂದು ಸಲ ಬೂದು ಕೋಟು ತರುತ್ತಿದ್ದಳು. ಸೊಂಟ ಸ್ವಲ್ಪ ಒಳಗೆ ಹಿಡಿದು ಕೊಡಿ ಎಂದಳು ಮೊದಲನೆಯ ವರ್ಷ. ಒಂದಿಂಚು. ಎರಡನೆಯ ವರ್ಷ ಒಂದೂವರೆ. ಮೂರನೆಯ ವರ್ಷ ಅವನು ಟೇಪು ಸುತ್ತಿದಾಗ ಅದು ಎಲ್ಲೂ ತಡೆಯಲಿಲ್ಲ, ಕೋಟಿನೊಳಗೆ ಕೈ ಹಾಕಿ ಹುಡುಕುವ ಹಾಗಾಯಿತು. ನಿಮ್ಮ ಕೈಗೆ ಕೆಲಸ ಕೊಡೋದಕ್ಕೇ ನಾನು ಸೊರಗ್ತಾ ಇದೀನಿ ಎಂದು ಅವಳು ನಕ್ಕಳು, ಅವನೂ ನಕ್ಕ. ನಗುತ್ತಲೇ ಪುಸ್ತಕದಲ್ಲಿ ಪೆನ್ಸಿಲಿನಿಂದ ಅಂಕಿ ಬರೆದ. ಅಳತೆ ತಗೊಂಡ ಮೇಲೆ ಬಾಯಿ ಹೊಲಿದುಕೋ ಎಂದು ಅವನ ಗುರು ಹೇಳುತ್ತಿದ್ದರು. ತನ್ನ ಮೈ ಹೇಗಿದೆ ಎಂದು ಕೇಳಲು ಯಾರೂ ದರ್ಜಿಯ ಹತ್ತಿರ ಬರುವುದಿಲ್ಲ, ಹೊಟ್ಟೆ ಬಂದವನಿಗೆ ಹೊಟ್ಟೆ ಬಂದಿದೆ ಅನ್ನಬೇಡ, ಬೆನ್ನು ಬಾಗಿದವನಿಗೆ ಬಾಗಿದೆ ಅನ್ನಬೇಡ, ಬಟ್ಟೆಯಲ್ಲಿ ಸರಿಮಾಡು, ಬಾಯಲ್ಲಿ ಸರಿಮಾಡಬೇಡ. ಗುರುಗಳ ಅಂಗಡಿ ಐವತ್ತು ವರ್ಷ ನಡೆದದ್ದು ಆ ಮಾತಿನಿಂದಲೇ. ಅವನದೂ ನಡೆದಿತ್ತು.

ನಾಲ್ಕನೆಯ ವರ್ಷ ಕೋಟು ತಂದದ್ದು ಟಪಾಲಕ್ಕನ ತಂಗಿ, ಶಾಲೆಯಲ್ಲಿ ಪುಸ್ತಕದ ಕೋಣೆ ನೋಡಿಕೊಳ್ಳುವವಳು. ಇದನ್ನ ನನ್ನ ಅಳತೆಗೆ ಮಾಡಿಕೊಡಿ, ಅಕ್ಕನದು, ಎಸೆಯೋಕೆ ಮನಸ್ಸಾಗಲ್ಲ ಎಂದಳು. ಅವನು ಹಿಡಿದಿದ್ದನ್ನೆಲ್ಲ ಅವನೇ ಬಿಚ್ಚಬೇಕಾಯಿತು. ಒಂದಿಂಚು, ಒಂದೂವರೆ, ಎರಡೂಕಾಲು, ಒಳಗೆ ಮಡಚಿಟ್ಟಿದ್ದ ಬಟ್ಟೆ ಹೊಸದರಂತೆ ಬಣ್ಣ ಮಾಸದೆ ಹೊರಗೆ ಬಂತು. ಕೋಟು ಕೊಡುವಾಗಲೇ ತಂಗಿ, ಆರು ತಿಂಗಳು ಮೊದಲು ಬಂದಿದ್ದರೆ ಎಂದು ಡಾಕ್ಟರು ಹೇಳಿದರು ಅಂದಿದ್ದಳು. ಅವನು ತಲೆ ಎತ್ತಿರಲಿಲ್ಲ. ಟೇಪು ಅದನ್ನು ಮೊದಲೇ ಹೇಳಿತ್ತು ಎಂಬುದು ಅವಳಿಗೆ ಗೊತ್ತಿಲ್ಲ, ತನಗೆ ಮಾತ್ರ ಗೊತ್ತು, ಎರಡು ವರ್ಷದಿಂದ ಅವನು ಅದನ್ನು ಯಾರಿಗೂ ಹೇಳದೆ ಹೊತ್ತುಕೊಂಡಿದ್ದ, ಹೆಂಡತಿಗೂ. ಈಗ ಕಳೆದ ವಾರ ಅದೇ ತಂಗಿ ಅದೇ ಕೋಟು ತಂದು, ಅಕ್ಕನ ಕೋಟು ಯಾಕೋ ಜೋಲುತ್ತೆ ನೋಡಿ ಎಂದಾಗ ಅವನು ಟೇಪು ಸುತ್ತಿದ. ಮೂವತ್ತು ಇದ್ದದ್ದು ಇಪ್ಪತ್ತೆಂಟು. ಪೆನ್ಸಿಲಿನಿಂದ ಬರೆದ. ಸೋಮವಾರ ಮಧ್ಯಾಹ್ನ ಬನ್ನಿ, ತೊಟ್ಟು ನೋಡುವಿರಂತೆ ಎಂದ. ಇವತ್ತೇ ಸೋಮವಾರ.

ಅವನ ಸಂಖ್ಯೆ ಕರೆದರು. ಕೌಂಟರಿನ ಹುಡುಗಿಯ ರವಿಕೆಯ ಎಡಭುಜ ಬಲಭುಜಕ್ಕಿಂತ ಕಾಲಿಂಚು ಕೆಳಗಿತ್ತು, ಯಾರೋ ಅವಸರದವರು ಹೊಲಿದದ್ದು. ಅವಳು ಫಾರಂ ಎಳೆದುಕೊಂಡು ವಯಸ್ಸು, ಕೆಲಸ, ಹೆಂಡತಿಯ ವಯಸ್ಸು ಎಲ್ಲ ಕೇಳಿ ಬರೆದಳು. ಎತ್ತರ ಕೇಳಿದಳು, ಹೇಳಿದ. ಸೊಂಟದ ಸುತ್ತಳತೆ ಕೇಳಿದಳು. ಮೂವತ್ತಾರು ಎಂದು ಅವನು ಕೇಳಿ ಮುಗಿಯುವ ಮೊದಲೇ ಹೇಳಿದ, ಹೇಳಿದ್ದರಲ್ಲಿ ಸಣ್ಣ ಹೆಮ್ಮೆಯೂ ಇತ್ತು. ಅಳೆದೇ ಬರೆಯಬೇಕು, ಆದರೆ ನಮ್ಮ ಟೇಪು ಹರಿದು ವಾರವಾಯಿತು, ಹೇಳಿದ್ದನ್ನೇ ಬರೆದುಕೊಳ್ಳುತ್ತಿದ್ದೇನೆ ಎಂದು ಅವಳು ಪೆನ್ನು ಎತ್ತಿದಳು. ಮೂರು ಎಂಬ ಅಂಕಿ ಕಾಗದದ ಮೇಲೆ ಬಿದ್ದೂ ಆಗಿತ್ತು. ಆಗ ಹಿಂದೆ ನಿಂತಿದ್ದ ಒಬ್ಬ ದಪ್ಪ ಮನುಷ್ಯ, ಸೊಂಟ ನಲವತ್ತನಾಲ್ಕು, ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರಂತೆ ಎಂದು ನಕ್ಕ. ದರ್ಜಿ ಕುತ್ತಿಗೆ ಮುಟ್ಟಿಕೊಂಡ. ಅಳತೆಯ ಟೇಪು ಅಲ್ಲೇ ಇತ್ತು, ಬೆಳಿಗ್ಗೆ ಅಂಗಡಿಯಲ್ಲಿ ಹಾಕಿಕೊಂಡದ್ದು, ಎರಡೂ ತುದಿ ಎದೆಯ ಮೇಲೆ ಇಳಿಬಿದ್ದಿತ್ತು. ಅದನ್ನು ತೊಟ್ಟುಕೊಂಡೇ ಅವನು ನಾಲ್ಕು ಬೀದಿ ನಡೆದು ಬಂದಿದ್ದ. ಸಾಲು ಪೂರ್ತಿ ನಕ್ಕಿತು. ಅವನ ಕಿವಿ ಬಿಸಿಯಾಯಿತು.

ಹುಡುಗಿ ಕೌಂಟರು ಬಿಟ್ಟು ಈಚೆ ಬಂದಳು. ಅವಳಿಗೆ ಅಳೆಯಲು ಬರುತ್ತಿರಲಿಲ್ಲ, ಟೇಪನ್ನು ಹಾವು ಹಿಡಿದವಳಂತೆ ಹಿಡಿದಳು. ಅವನೇ ಹೇಳಿಕೊಟ್ಟ: ಬಿಗಿಯಬಾರದಮ್ಮ, ಸಡಿಲವೂ ಬಿಡಬಾರದು, ಬೆರಳು ಒಳಗಿಡಬೇಡ, ಉಸಿರು ಬಿಟ್ಟಾಗ ನೋಡು. ಅವಳು ಬಗ್ಗಿ ನೋಡಿ ಮೂವತ್ತೆರಡು ಎಂದಳು. ಟೇಪು ತಿರುಗಿದೆ, ಮತ್ತೆ ನೋಡು ಎಂದ. ಮತ್ತೆ ನೋಡಿ ಮೂವತ್ತೆರಡು ಎಂದಳು. ಅವನು ಟೇಪನ್ನು ಅವಳ ಕೈಯಿಂದ ಕಿತ್ತುಕೊಂಡು, ನಲವತ್ತನಾಲ್ಕು ವರ್ಷ ಬೇರೆಯವರ ಮೇಲೆ ಮಾಡಿದ್ದನ್ನು ತನ್ನ ಮೇಲೆ ಮಾಡಿಕೊಂಡ. ಹೆಬ್ಬೆರಳಿನ ಉಗುರು ನಿಂತಲ್ಲಿ ಅಂಕಿ ಓದಿದ. ಅವನ ಉಗುರು ಸುಳ್ಳು ಹೇಳುವುದಿಲ್ಲ. ಇದ್ದಕ್ಕಿದ್ದಂತೆ ಅವನಿಗೆ ಇನ್ನೊಂದು ವಿಷಯ ಹೊಳೆಯಿತು, ಅದು ಬೇರೆ ಯಾರಿಗೂ ಹೊಳೆಯುವಂಥದ್ದಲ್ಲ. ಈ ಪ್ಯಾಂಟನ್ನು ಮೂವತ್ತಾರಕ್ಕೆ ಕತ್ತರಿಸಿದವನು ಅವನೇ. ಅವನು ಬೆಲ್ಟು ಹಾಕುವವನಲ್ಲ, ಬೆಲ್ಟು ಹಾಕಿದವನು ತನ್ನ ದರ್ಜಿಯನ್ನು ಬೈದ ಹಾಗೆ ಎಂದು ನಂಬಿದವನು. ಮೂವತ್ತೆರಡರ ಸೊಂಟದ ಮೇಲೆ ಮೂವತ್ತಾರರ ಪ್ಯಾಂಟು ಯಾವ ಧೈರ್ಯದಲ್ಲಿ ನಿಂತಿತ್ತು?

ಬೆನ್ನ ಹಿಂದೆ ಕೈ ಹಾಕಿ ಸೊಂಟಪಟ್ಟಿಯ ಒಳಗನ್ನು ತಡವಿದ. ಬೆರಳಿಗೆ ಒಂದು ಮಡಿಕೆ ಸಿಕ್ಕಿತು. ಅದರ ಪಕ್ಕದಲ್ಲಿ ಇನ್ನೊಂದು. ಸಣ್ಣ, ಒತ್ತಾದ ಹೊಲಿಗೆ, ಐದಕ್ಕೊಂದು ತುಸು ಉದ್ದ. ಲೋಕದಲ್ಲಿ ಹಾಗೆ ಹೊಲಿಯುವ ಕೈ ಒಂದೇ, ಅದು ಕಿಟಕಿಯ ಪಕ್ಕ ಕೂತಿರುತ್ತದೆ. ಭಾನುವಾರ ಇಸ್ತ್ರಿ ಮಾಡುವಾಗ ಹಾಕಿರಬೇಕು. ಒಂದು ಸಲವಲ್ಲ, ಎರಡು ಸಲ. ಒಂದು ಮಡಿಕೆಯ ದಾರ ಒಗೆದು ಒಗೆದು ಮೆತ್ತಗಾಗಿತ್ತು, ಇನ್ನೊಂದರದು ಇನ್ನೂ ಗರಿಗರಿ. ಅವನ ತಲೆಯಲ್ಲಿ ಮೊದಲು ಬಂದದ್ದು ಸಿಟ್ಟು. ತಾನು ಕತ್ತರಿಸಿದ ಬಟ್ಟೆಗೆ ತನಗೆ ತಿಳಿಯದಂತೆ ಕೈ ಹಾಕುವುದು! ಆಮೇಲೆ ಬಂದದ್ದು ಸಿಟ್ಟಲ್ಲ. ಅವಳು ನೋಡಿದ್ದಳು, ಒಳಗೆ ಹಿಡಿದಿದ್ದಳು, ಬಾಯಿ ಹೊಲಿದುಕೊಂಡಿದ್ದಳು. ತಾನು ಟಪಾಲಕ್ಕನಿಗೆ ಮಾಡಿದ್ದನ್ನೇ ಅವಳು ತನಗೆ ಮಾಡಿದ್ದಳು, ತಾನು ಟಪಾಲಕ್ಕನಂತೆಯೇ ನಗುತ್ತ ತಿರುಗಾಡಿಕೊಂಡಿದ್ದ. ಅಂಗೈ ಹುಣ್ಣಿಗೆ ಕನ್ನಡಿ ಬೇಡ ಅನ್ನುತ್ತಾರೆ, ಅವನಿಗೆ ಬೇಕಾಗಿತ್ತು. ಅವನಿಗೆ ಭಯವಾಯಿತು. ಇಂಥ ಭಯ ಅವನಿಗೆ ಎಷ್ಟೋ ವರ್ಷದಿಂದ ಆಗಿರಲಿಲ್ಲ. ಏನಾಯಿತು ಎಂದು ಹುಡುಗಿ ಕೇಳಿದಳು.

"ನೀಲಿಯಲ್ಲಿ ಹೆಂಡತೀನೂ ಸೇರ್ತಾಳಾ?" ಎಂದ.

"ಸೇರ್ತಾರೆ ಸರ್. ಆದ್ರೆ ಆಸ್ಪತ್ರೆಗೆ ಸೇರಿದ್ರೆ ಹಸಿರಿನಷ್ಟು ಸಿಗಲ್ಲ. ಮೂರು ವರ್ಷ ಬದಲಾಯಿಸೋ ಹಾಗೂ ಇಲ್ಲ. ಯೋಚನೆ ಮಾಡಿ ಹೇಳಿ."

"ಯೋಚನೆ ಆಯ್ತು. ನೀಲಿ ಹಾಕಮ್ಮ."

ಅವಳು ಬರೆದಿದ್ದ ಮೂರರ ಪಕ್ಕದಲ್ಲಿ ಎರಡು ಬರೆದು, ನೀಲಿಯ ಮುಂದೆ ಗುರುತು ಹಾಕಿ, ಪಕ್ಕದ ಕೋಣೆ ತೋರಿಸಿದಳು. ನೀಲಿಯವರಿಗೆ ಮೊದಲ ಪರೀಕ್ಷೆ ಅಲ್ಲೇ, ಆಗಲೇ. ಅಲ್ಲಿದ್ದ ನರ್ಸಮ್ಮ ಮಾತು ಕಡಿಮೆಯವಳು. ಅವನ ಬೆರಳು ಹಿಡಿದು ಸೂಜಿ ತಂದಾಗ ಅವನು ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡ. ಇಷ್ಟು ಸೂಜಿಗೆ ಹೆದರುತ್ತೀರಲ್ಲ, ನಿಮ್ಮ ಕೆಲಸ ಏನು ಎಂದು ಅವಳು ಕೇಳಿದಳು. ಅವನು ಕಣ್ಣು ತೆರೆಯದೆಯೇ ದರ್ಜಿ ಎಂದ. ನರ್ಸಮ್ಮ ನಗಲಿಲ್ಲ, ಆದರೆ ಹತ್ತಿ ಒತ್ತುವಾಗ ಅವಳ ಭುಜ ಕುಲುಕುತ್ತಿತ್ತು. ರಕ್ತದಲ್ಲಿ ಸಕ್ಕರೆ ಏರಿತ್ತು, ಚೆನ್ನಾಗಿಯೇ ಏರಿತ್ತು. ಉದ್ದ ತೋಳಿನ ಬಿಳಿ ಕೋಟಿನ ಎಳೆಯ ಡಾಕ್ಟರು, ತೋಳು ಒಂದಿಂಚು ಕಡಿಮೆ ಮಾಡಬಹುದಿತ್ತು, ಎದುರಿಗೆ ಕೂರಿಸಿಕೊಂಡು ಬಾಯಾರಿಕೆ, ಸುಸ್ತು, ಕಣ್ಣು, ಪಾದ ಎಲ್ಲ ವಿಚಾರಿಸಿದರು. ಇನ್ನೂ ಒಂದೆರಡು ವರ್ಷ ಬಿಟ್ಟು ಬಂದಿದ್ದರೆ ಕಣ್ಣಿಗೋ ಕಾಲಿಗೋ ತಾಗಿರುತ್ತಿತ್ತು, ಈಗ ಹಾಗೇನಿಲ್ಲ, ಊಟದ ಜೊತೆ ಒಂದು ಮಾತ್ರೆ, ದಿನಾ ನಡಿಗೆ, ಗುರುವಾರ ಬರಿ ಹೊಟ್ಟೆಯಲ್ಲಿ ಬನ್ನಿ ಎಂದು ಹೇಳಿ ಮಾತ್ರೆ ಕೊಟ್ಟರು. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ತೆಗೆದುಕೊಳ್ಳುವ ಹಂತಕ್ಕೆ ಬಂದಿಲ್ಲ ಎಂಬುದು ಅವನಿಗೆ ಅರ್ಥವಾಯಿತು. ಹೊರಗೆ ಬಂದಾಗ ಬಿಸಿಲು ಹಿತವಾಗಿತ್ತು. ಅವನು ಟೇಪನ್ನು ಕುತ್ತಿಗೆಯಿಂದ ತೆಗೆಯಲೇ ಇಲ್ಲ. ಕಾಯಿಲೆ ಇದೆ ಎಂದು ಗೊತ್ತಾದವನು ಇಷ್ಟು ಹಗುರಾಗಿ ನಡೆಯಬಹುದೇ ಎಂದು ನಾಚಿಕೆಯೂ ಆಯಿತು, ಆದರೂ ನಡೆದ.

ಅಂಗಡಿಯಲ್ಲಿ ಹೆಂಡತಿ ಕಿಟಕಿಯ ಪಕ್ಕ ಒಂದು ಮಕ್ಕಳ ಅಂಗಿಗೆ ಗುಂಡಿ ಹಾಕುತ್ತಿದ್ದಳು. ಅವನು ಮಾತಾಡದೆ ಅವಳ ಎದುರು ಬೆನ್ನು ತಿರುಗಿಸಿ ನಿಂತು ಸೊಂಟಪಟ್ಟಿಯನ್ನು ಹೊರಗೆ ಮಡಚಿ ತೋರಿಸಿದ. ಅವಳ ಸೂಜಿ ನಿಂತದ್ದು ನೋಡದೆಯೇ ತಿಳಿಯಿತು.

"ಹೇಳಿದ್ರೆ ಕೇಳ್ತಿದ್ರಾ ನೀವು?" ಎಂದಳು.

ಕೇಳುತ್ತಿದ್ದೆ ಎಂದು ಹೇಳಲು ಅವನು ಬಾಯಿ ತೆರೆದ. ಇಲ್ಲ ಎಂದ.

"ನನಗೂ ಭಯ ಇತ್ತು," ಎಂದಳು ಅವಳು. "ಪ್ಯಾಂಟು ಸರಿಯಾಗಿ ಕೂತಿದ್ರೆ ನೀವೂ ಸರಿಯಾಗಿದೀರಿ ಅಂತ ನನಗೆ ನಾನೇ ಹೇಳ್ಕೊಂಡೆ. ಎರಡನೇ ಸಲ ಹಿಡಿಯೋವಾಗ ಕೈ ಬರಲಿಲ್ಲ, ಆದ್ರೂ ಹಿಡಿದೆ. ಈ ಹಾಳು ಅಂಗಿ ಮಾತ್ರ ನನ್ನ ಕೈಗೆ ಸಿಗದೆ ನೇರ ನಿಮ್ಮ ಮೈಗೆ ಹೋಯ್ತು. ಏನು ಹೇಳ್ಬೇಕೋ ತಿಳೀದೆ ಚೆನ್ನಾಗಿದೆ ಅಂದುಬಿಟ್ಟೆ."

ಅವನು ತಿರುಗಿ, ಕುತ್ತಿಗೆಯ ಟೇಪು ಮುಟ್ಟಿ ತೋರಿಸಿ, ಇದನ್ನು ಹಾಕಿಕೊಂಡು ಹೊರಟದ್ದು ನಿನಗೆ ಕಾಣಲಿಲ್ಲವಾ ಎಂದು ಕೇಳಿದ. ಅವಳು ಮತ್ತೆ ಸೂಜಿ ಎತ್ತಿಕೊಂಡಳು. ಕಾಣದೆ ಏನು, ಆ ಕಚೇರಿಯ ಟೇಪು ಹರಿದಿದೆ, ಬಾಯಲ್ಲಿ ಹೇಳಿದ್ದನ್ನೇ ಬರೆದುಕೊಳ್ಳುತ್ತಾರೆ ಅಂತ ಬ್ರೆಡ್ಡಿನವರು ಶನಿವಾರವೇ ಹೇಳಿದ್ದರು ಎಂದಳು. ದರ್ಜಿ ಮೆಷಿನ್ನಿನ ಮುಂದಿನ ಸ್ಟೂಲಿನ ಮೇಲೆ ಕುಸಿದು ನಗತೊಡಗಿದ, ನಗು ನಿಲ್ಲಿಸಲು ಆಗಲಿಲ್ಲ, ಅವಳೂ ನಕ್ಕಳು, ನಗುತ್ತ ಮಕ್ಕಳ ಅಂಗಿಯಿಂದಲೇ ಕಣ್ಣೊರೆಸಿಕೊಂಡಳು. ಸಕ್ಕರೆ, ಮಾತ್ರೆ, ಗುರುವಾರ, ನೀಲಿ ಎಲ್ಲ ಅವನು ಆಮೇಲೆ ಹೇಳಿದ. ಅವಳು ಹೂಂ ಎಂದಳು. ಅದು ಬೇರೆ ಹೂಂ. ಎದೆಯ ಮೇಲಿನ ಕಲ್ಲು ಇಳಿದ ಹಾಗಾಗಿ, ಅದೇ ಹಗುರದಲ್ಲಿ, ಟಪಾಲಕ್ಕನ ಕಥೆಯನ್ನೂ ಹೇಳಿಬಿಟ್ಟ. ಒಂದಿಂಚು, ಒಂದೂವರೆ, ಎರಡೂಕಾಲು. ಈಗ ಆ ತಂಗಿ. ಅದಕ್ಕೆ ಅವಳು ಹೂಂ ಕೂಡ ಅನ್ನಲಿಲ್ಲ. ಕಿಟಕಿಯಾಚೆ ನೋಡಿ, ಬರುತ್ತಿದ್ದಾಳೆ ಎಂದಳು.

ತಂಗಿ ಬಂದು, ಚಪ್ಪಲಿ ಬಿಟ್ಟು, ಕನ್ನಡಿಯ ಮುಂದೆ ನಿಂತಳು. ದರ್ಜಿ ಕೋಟು ತೊಡಿಸಿದ. ಸೊಂಟ ಹಿಡಿದದ್ದು ಅಚ್ಚುಕಟ್ಟಾಗಿತ್ತು, ಒಂದು ಸುಕ್ಕಿಲ್ಲ. ಈಗ ಸರಿಯಾಯ್ತು ನೋಡಿ ಎಂದು ಅವಳು ಸಂತೋಷದಿಂದ ಆ ಕಡೆ ಈ ಕಡೆ ತಿರುಗಿದಳು. ಇಲ್ಲಿಗೇ ಬಿಡಬಹುದಿತ್ತು. ನಲವತ್ತನಾಲ್ಕು ವರ್ಷ ಇಲ್ಲಿಗೇ ಬಿಟ್ಟವನಿಗೆ ಇವತ್ತೊಂದು ದಿನ ಬಿಡುವುದು ಏನು ಮಹಾ! ಗುರುಗಳು ಎಲ್ಲೋ ಗಂಟಲು ಸರಿಮಾಡಿಕೊಂಡ ಹಾಗಾಯಿತು. ಹೆಂಡತಿಯ ಸೂಜಿಯ ಸದ್ದು ಕೇಳುತ್ತಿರಲಿಲ್ಲ. ಅವನ ನಾಲಿಗೆ ಒಣಗಿತ್ತು, ಅದು ಸಕ್ಕರೆಯಿಂದಲೋ ಭಯದಿಂದಲೋ ಗೊತ್ತಾಗಲಿಲ್ಲ.

"ಕೋಟು ಜೋತಿರಲಿಲ್ಲಮ್ಮ," ಎಂದ. "ನೀವು ಇಳಿದಿದ್ದೀರಿ. ಎರಡು ವರ್ಷದಲ್ಲಿ ಎರಡಿಂಚು. ಯಾಕೆ ಅಂತ ನನಗೆ ಗೊತ್ತಿಲ್ಲ, ನಾನು ಡಾಕ್ಟರಲ್ಲ. ಒಂದ್ಸಲ ತೋರಿಸ್ಕೊಳ್ಳಿ."

ಅವಳು ಕನ್ನಡಿಯಲ್ಲಿ ಅವನನ್ನು ನೋಡಿದಳು. ನಡೆಯುತ್ತೇನಲ್ಲ, ಅದಕ್ಕಿರಬಹುದು ಎಂದಳು. ಇರಬಹುದು ಎಂದ ಅವನು. ಅವಳು ಕೋಟಿನ ಒಳಗೆ ಕೈ ಹಾಕಿ ಹೊಸ ಮಡಿಕೆಯನ್ನು ತಡವಿದಳು. ಅವಳ ಬೆರಳು ಅಲ್ಲೇ ನಿಂತಿತು. ಹಿಂದೆ ಬಿಚ್ಚಿದ ಹೊಲಿಗೆಯ ಗುರುತು, ಮೂರು ಸಾಲು ಸಣ್ಣ ತೂತು, ಅಲ್ಲಿ ಇನ್ನೂ ಇತ್ತು.

"ಅಕ್ಕನಿಗೂ ಹಿಡಿದಿದ್ರಿ."

"ಮೂರು ಸಲ. ನೋಡಿದ್ದೆ, ಹೇಳಲಿಲ್ಲ. ತಪ್ಪು ಮಾಡಿದೆ."

ಏನೂ ಪರವಾಗಿಲ್ಲ, ಹೇಳಿದ್ದರೂ ಅವಳು ಎಲ್ಲಿ ಕೇಳುತ್ತಿದ್ದಳು ಎಂದು ತಂಗಿ ಹೇಳಬಹುದು ಎಂದು ಅವನು ಒಳಗೊಳಗೇ ಕಾದ. ಎರಡು ವರ್ಷದಿಂದ ಆ ಮಾತನ್ನು ಅವಳ ದನಿಯಲ್ಲಿ ತಾನೇ ಕಲ್ಪಿಸಿಕೊಂಡು ಮಲಗಿದ್ದ.

"ಹೇಳಿದ್ರೆ ಕೇಳ್ತಿದ್ಲು," ಎಂದಳು ತಂಗಿ. "ಡಾಕ್ಟರ ಮಾತು ಕೇಳ್ತಿರಲಿಲ್ಲ, ನನ್ನ ಮಾತೂ ಕೇಳ್ತಿರಲಿಲ್ಲ. ಕಣ್ಣಳತೆ ಹೇಳಿದ್ರು ಅಂದ್ರೆ ಕೇಳ್ತಿದ್ಲು."

ಅದು ಹೋಗಿ ಎಲ್ಲಿ ತಾಗಬೇಕೋ ಅಲ್ಲಿ ತಾಗಿತು. ಅವನು ಅದನ್ನು ತಡೆಯಲು ಹೋಗಲಿಲ್ಲ. ತಂಗಿ ನಿಧಾನವಾಗಿ ಕೋಟು ಬಿಚ್ಚಿ, ಮಡಚಿ, ಮೇಜಿನ ಮೇಲಿಟ್ಟು, ಮತ್ತೆ ಕನ್ನಡಿಯ ಮುಂದೆ ಬಂದು ಎರಡೂ ಕೈ ಪಕ್ಕಕ್ಕೆ ಎತ್ತಿ ನಿಂತಳು. "ಇನ್ನೊಂದ್ಸಲ ಅಳೀರಿ," ಎಂದಳು. "ಈ ಸಲ ಗಟ್ಟಿಯಾಗಿ ಹೇಳಿ."

ಅವನು ಕುತ್ತಿಗೆಯಿಂದ ಟೇಪು ತೆಗೆದು ಸುತ್ತಿದ. ಬಿಗಿಯಲಿಲ್ಲ, ಸಡಿಲ ಬಿಡಲಿಲ್ಲ. ಇಪ್ಪತ್ತೆಂಟು ಎಂದ. ದನಿ ತಾನು ಎಣಿಸಿದ್ದಕ್ಕಿಂತ ದೊಡ್ಡದಾಗಿ ಬಂತು, ಬೀದಿಗೂ ಕೇಳಿರಬೇಕು. ಹೆಂಡತಿ ಎದ್ದು ಬಂದು ಅಳತೆಯ ಪುಸ್ತಕ ತೆರೆದು, ಅವನ ಪೆನ್ಸಿಲನ್ನು ಪಕ್ಕಕ್ಕೆ ಸರಿಸಿ, ಪೆನ್ನಿನಲ್ಲಿ ಬರೆದಳು. ಕಚೇರಿ ಐದರವರೆಗೆ ತೆಗೆದಿರುತ್ತದಲ್ಲ ಎಂದು ತಂಗಿ ಕೇಳಿದಳು. ಅವಳೂ ಕಾರ್ಡಿಗೆ ಗುರುತು ಹಾಕಿರಲಿಲ್ಲ, ಹಸಿರು ಎಂದುಕೊಂಡು ದಿನ ತಳ್ಳಿದ್ದಳು. ತೆಗೆದಿರುತ್ತದೆ, ನಾನೂ ಬರುತ್ತೇನೆ, ನೀಲಿಯಲ್ಲಿ ನನ್ನ ಹೆಸರೂ ಇದೆ ಎಂದು ಹೆಂಡತಿ ಸೂಜಿ ಚುಚ್ಚದಂತೆ ಬೆರಳಿಗೆ ತೊಟ್ಟಿದ್ದ ಅಂಗುಸ್ತಾನ ತೆಗೆದು ಮೇಜಿನ ಮೇಲಿಟ್ಟಳು. ಅವಳು ಕೆಲಸದ ಹೊತ್ತಿನಲ್ಲಿ ಅದನ್ನು ತೆಗೆದದ್ದನ್ನು ಅವನು ಅಪರೂಪಕ್ಕೆ ನೋಡಿದ್ದ.

ಇಬ್ಬರೂ ಹೊರಟರು. ದರ್ಜಿ ಬಾಗಿಲಲ್ಲಿ ನಿಂತು ನೋಡಿದ. ಅವನ ಕಣ್ಣು ಅಭ್ಯಾಸಬಲದಿಂದ ಅವರಿಬ್ಬರ ಬೆನ್ನನ್ನು ಅಳೆಯಲು ಹೋಗಿ, ಹೆಂಡತಿಯ ಬೆನ್ನಿನ ಮೇಲೆ ತಡವರಿಸಿತು. ಮೂವತ್ತೊಂದು ವರ್ಷದಲ್ಲಿ ಅವಳ ಅಳತೆಯನ್ನು ಪುಸ್ತಕದಲ್ಲಿ ಬರೆದೇ ಇರಲಿಲ್ಲ. ಬಂದ ಮೇಲೆ ಬರೆಯಬೇಕು ಎಂದುಕೊಂಡ. ಅವಳು ಬೀದಿಯ ಆಚೆ ಬದಿ ತಲುಪಿ, ಬ್ರೆಡ್ಡಿನ ಅಂಗಡಿಯ ಮುಂದೆ ಜನ ನಿಂತಿರುವುದನ್ನು ಲೆಕ್ಕಿಸದೆ, ತಿರುಗಿ ನಿಂತು ಕೂಗಿದಳು.

"ರೀ, ಊಟ ಮಾಡಿದ್ರಾ? ಮಾತ್ರೆ ತಗೊಂಡ್ರಾ?"

ಬ್ರೆಡ್ಡಿನವನು ತಲೆ ಎತ್ತಿ ನೋಡಿದ, ಕೊಳ್ಳಲು ಬಂದವರೂ ನೋಡಿದರು. ದರ್ಜಿಗೆ ಒಂದು ಕ್ಷಣ ಒಳಗೆ ಸರಿದುಬಿಡೋಣ ಅನ್ನಿಸಿತು. ಸರಿಯಲಿಲ್ಲ.

"ಇನ್ನೂ ಇಲ್ಲ," ಎಂದು ಅವನು ಇಡೀ ಬೀದಿಗೆ ಕೇಳುವಂತೆ ಕೂಗಿ ಹೇಳಿದ. "ಈಗ ತಗೋತೀನಿ."